ಕುಮಾರಿ ಫ್ಲಾರೆನ್ಸ್ ನೈಟಿಂಗೇಲಳೂ ಸಿಪಾಯಿಗಳ ಸಂಕಟವೂ

ಯುದ್ಧಗಳ ಚರಿತ್ರೆಯನ್ನು ಓದುವಾಗ ಯಾವ ಕೋಟೆಯು ಎಂದು ಬಿದ್ದಿತು, ಯಾವ ಸೇನಾಪತಿಯು ಜಯಶಾಲಿಯಾದನು, ಯಾವ ಅರಸರು ಯಾವ ಕೌಲಿಗೆ ರುಜು ಹಾಕಿದರು ಎಂಬಿವನ್ನೇ ನಾವು ನೆನಪಿನಲ್ಲಿ ಇಟ್ಟುಕೊಳ್ಳುತ್ತೇವೆ. ಪರೀಕ್ಷೆಯಲ್ಲಿ ಕೇಳುವುದೂ ಇವುಗಳನ್ನೇ. ಆದರೆ ಫಿರಂಗಿಗಳ ಸದ್ದು ಅಡಗಿದ ಮೇಲೆ ಆ ಸಿಪಾಯಿಗಳ ಗತಿಯೇನಾಯಿತು, ಅವರಲ್ಲಿ ಎಷ್ಟು ಮಂದಿ ಗುಂಡಿಗೆ ಬಲಿಯಾದರು, ಎಷ್ಟು ಮಂದಿ ಜ್ವರಕ್ಕೂ ಚಳಿಗೂ ಅಲಕ್ಷ್ಯಕ್ಕೂ ಬಲಿಯಾದರು, ಬದುಕಿ ಮನೆಗೆ ಬಂದವರ ಮನಸ್ಸು ಹೇಗಿದ್ದಿತು ಎಂಬ ಲೆಕ್ಕವು ಚರಿತ್ರೆಯ ಪುಟಗಳಲ್ಲಿ ಸಿಕ್ಕುವುದು ಅಪರೂಪ. ಈ ಲೆಕ್ಕವನ್ನು ಬರೆಯಲೇಬೇಕೆಂದು ಹಟ ಹಿಡಿದು, ಅದಕ್ಕಾಗಿ ತನ್ನ ಆರೋಗ್ಯವನ್ನೂ ಆಯುಷ್ಯದ ಬಹುಭಾಗವನ್ನೂ ತೆತ್ತವಳು ಒಬ್ಬ ಸ್ತ್ರೀ. ಆಕೆಯೇ ಕುಮಾರಿ ಫ್ಲಾರೆನ್ಸ್ ನೈಟಿಂಗೇಲಳು.

ಈಕೆಯ ಹೆಸರನ್ನು ಅರಿಯದವರು ನಮ್ಮ ವಾಚಕರಲ್ಲಿ ಯಾರೂ ಇರಲಾರರು. ಕೈಯಲ್ಲಿ ದೀಪವನ್ನು ಹಿಡಿದು ಗಾಯಗೊಂಡವರ ಹಾಸಿಗೆಗಳ ನಡುವೆ ನಡೆದು ಬರುವ ಆಕೆಯ ಚಿತ್ರವನ್ನು ನಾವೆಲ್ಲರೂ ಪಾಠಪುಸ್ತಕಗಳಲ್ಲಿ ಕಂಡಿದ್ದೇವೆ. ಚಿತ್ರವು ಸುಳ್ಳಲ್ಲ, ಆದರೆ ಅದು ಕಥೆಯ ಸಣ್ಣದೊಂದು ಭಾಗ. ಆಕೆಯು ಆ ದೀಪವನ್ನು ಹಿಡಿದದ್ದು ಎರಡು ವರ್ಷಗಳಿಗೂ ಕಡಮೆ ಕಾಲ. ಆ ದೀಪದ ಬೆಳಕಿನಲ್ಲಿ ಕಂಡದ್ದನ್ನು ಹೊತ್ತುಕೊಂಡು ಬಾಳಿದ್ದು ಐವತ್ತನಾಲ್ಕು ವರ್ಷ. ಈ ಎರಡನೆಯ ಭಾಗವನ್ನೇ ನಾವು ಇಲ್ಲಿ ವಿಶೇಷವಾಗಿ ಹೇಳಬೇಕೆಂದಿದ್ದೇವೆ.

ಫ್ಲಾರೆನ್ಸಳು ೧೮೨೦ನೆಯ ಇಸವಿ ಮೇ ತಿಂಗಳ ೧೨ನೆಯ ತಾರೀಖಿನಲ್ಲಿ ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ ಜನಿಸಿದಳು. ಸಿರಿವಂತರಾದ ಆಂಗ್ಲ ತಂದೆತಾಯಿಗಳು ದೇಶಸಂಚಾರದಲ್ಲಿದ್ದಾಗ ಹುಟ್ಟಿದ ಮಗುವಾದುದರಿಂದ ಅವರು ಆ ಊರಿನ ಹೆಸರನ್ನೇ ಅದಕ್ಕೆ ಇಟ್ಟರು. ಇಂಗ್ಲೆಂಡಿನಲ್ಲಿ ಅವರಿಗೆ ಎರಡು ದೊಡ್ಡ ಮನೆಗಳಿದ್ದವು. ತಂದೆಯು ವಿದ್ಯಾವಂತನು, ಗಂಡುಮಕ್ಕಳಿಲ್ಲದ ಆತನು ತನ್ನ ಇಬ್ಬರು ಹೆಣ್ಣುಮಕ್ಕಳಿಗೂ ಗ್ರೀಕ್, ಲ್ಯಾಟಿನ್ ಭಾಷೆಗಳನ್ನೂ ಚರಿತ್ರೆಯನ್ನೂ ತತ್ತ್ವಶಾಸ್ತ್ರವನ್ನೂ ತಾನೇ ಕಲಿಸಿದನು. ಕಿರಿಯವಳಾದ ಫ್ಲಾರೆನ್ಸಳಿಗೆ ಎಲ್ಲಕ್ಕಿಂತಲೂ ಗಣಿತದಲ್ಲಿ ಆಸಕ್ತಿ. ಹುಡುಗಿಗೆ ಗಣಿತವೇಕೆ ಎಂದು ತಾಯಿಯು ಅಸಮಾಧಾನಪಟ್ಟಳು. ಮುಂದೆ ಸಾವಿರಾರು ಸಿಪಾಯಿಗಳ ಪ್ರಾಣವನ್ನು ಉಳಿಸಿದ ವಿದ್ಯೆಗಳಲ್ಲಿ ಈ ಗಣಿತವೂ ಒಂದಾಗುವುದೆಂದು ಆಗ ಯಾರು ಬಲ್ಲರು?

ಹದಿನಾರು ವರ್ಷ ದಾಟಿದ್ದಾಗ, ೧೮೩೭ನೆಯ ಫೆಬ್ರವರಿಯಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆಯು ದೃಢವಾಗಿ ನಂಬಿದಳು. ಯಾವ ಸೇವೆಯೆಂಬುದು ತಿಳಿಯಲು ಮತ್ತೆ ಹಲವು ವರ್ಷಗಳು ಬೇಕಾದವು. ರೋಗಿಗಳ ಶುಶ್ರೂಷೆಯೇ ತನ್ನ ಕೆಲಸವೆಂದು ಆಕೆಯು ತಿಳಿಸಿದಾಗ ಮನೆಯವರು ಎದೆಯೊಡೆದುಕೊಂಡರು. ಅಂದಿನ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ದಾದಿಯರೆಂದರೆ ಓದುಬರಹವಿಲ್ಲದವರು, ಕುಡಿಯುವವರು ಎಂಬ ಅಪಕೀರ್ತಿಯಿತ್ತು. ಮಾನಸ್ಥರ ಮನೆಯ ಮಗಳು ಅಲ್ಲಿಗೆ ಕಾಲಿಡುವುದುಂಟೆ? ಯೋಗ್ಯನಾದ ವರನೊಬ್ಬನು ವರ್ಷಗಟ್ಟಲೆ ಕಾದಿದ್ದರೂ ಆಕೆಯು ೧೮೪೯ರಲ್ಲಿ ವಿವಾಹವನ್ನು ನಿರಾಕರಿಸಿದಳು. ಕಡೆಗೆ ಜರ್ಮನಿಯ ಕೈಸರ್ಸ್‌ವರ್ಟ್ ಎಂಬಲ್ಲಿ ಪಾದ್ರಿ ಫ್ಲೀಡ್ನರನು ಸ್ಥಾಪಿಸಿದ್ದ ಸೇವಿಕೆಯರ ಸಂಸ್ಥೆಯನ್ನು ೧೮೫೦ರಲ್ಲಿ ಕಂಡು, ಮರುವರ್ಷ ಅಲ್ಲಿಯೇ ಸುಮಾರು ಮೂರು ತಿಂಗಳು ತರಬೇತು ಪಡೆದಳು. ೧೮೫೩ರಲ್ಲಿ ಲಂಡನ್ನಿನಲ್ಲಿ ರೋಗಪೀಡಿತರಾದ ಮಹಿಳೆಯರ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆಯು ಆಕೆಗೆ ದೊರೆಯಿತು. ಆಗ ಆಕೆಗೆ ಮೂವತ್ತಮೂರು ವರ್ಷ.

ಅದೇ ವರ್ಷ ರಷ್ಯಕ್ಕೂ ತುರ್ಕಿಗೂ ಯುದ್ಧವು ಹತ್ತಿತು. ೧೮೫೪ರ ಮಾರ್ಚಿಯಲ್ಲಿ ಇಂಗ್ಲೆಂಡೂ ಫ್ರಾನ್ಸೂ ತುರ್ಕಿಯ ಪಕ್ಷವನ್ನು ವಹಿಸಿದವು. ಸೆಪ್ಟೆಂಬರಿನಲ್ಲಿ ಅವರ ಸೇನೆಗಳು ಕಪ್ಪುಸಮುದ್ರದ ಉತ್ತರ ತೀರದಲ್ಲಿರುವ ಕ್ರೈಮಿಯದಲ್ಲಿ ಇಳಿದು, ಆಲ್ಮಾ ನದಿಯ ದಡದಲ್ಲಿ ಗೆದ್ದು, ಸೆಬಾಸ್ಟೊಪೋಲ್ ಕೋಟೆಗೆ ಮುತ್ತಿಗೆ ಹಾಕಿದವು. ಗೆಲವಿನ ವಾರ್ತೆಯ ಹಿಂದೆಯೇ ಮತ್ತೊಂದು ವಾರ್ತೆಯು ಬಂದಿತು. ಗಾಯಗೊಂಡವರಿಗೆ ಕಟ್ಟಲು ಬಟ್ಟೆಯಿಲ್ಲ, ನೋಡಿಕೊಳ್ಳಲು ಜನರಿಲ್ಲ ಎಂದು ಲಂಡನ್ನಿನ ಟೈಮ್ಸ್ ಪತ್ರಿಕೆಯು ಪ್ರಕಟಿಸಿತು. ಯುದ್ಧಮಂತ್ರಿಗಳಲ್ಲೊಬ್ಬನೂ ನೈಟಿಂಗೇಲಳ ಸ್ನೇಹಿತನೂ ಆಗಿದ್ದ ಸಿಡ್ನಿ ಹರ್ಬರ್ಟನು ದಾದಿಯರ ತಂಡವೊಂದನ್ನು ಕರೆದೊಯ್ಯುವಂತೆ ಆಕೆಯನ್ನು ಬೇಡಿಕೊಂಡನು. ಅದೇ ಸಮಯಕ್ಕೆ ತಾನೇ ಹೊರಡುವೆನೆಂದು ಆಕೆಯು ಬರೆದಿದ್ದ ಕಾಗದವೂ ದಾರಿಯಲ್ಲಿತ್ತು. ಅಕ್ಟೋಬರ್ ೨೧ರಂದು ಮೂವತ್ತೆಂಟು ಮಂದಿ ಹೆಂಗಸರೊಡನೆ ಹೊರಟು ನವೆಂಬರ್ ೪ರಂದು ಆಕೆಯು ಕಾನ್‌ಸ್ಟಾಂಟಿನೋಪಲ್ ನಗರದ ಎದುರು ದಡದ ಸ್ಕುಟಾರಿಯನ್ನು ತಲಪಿದಳು. ಅಲ್ಲಿ ತುರ್ಕಿಯವರ ಭಾರಿ ಬ್ಯಾರಕ್ಕೊಂದನ್ನು ಆಸ್ಪತ್ರೆಯಾಗಿ ಮಾಡಿದ್ದರು.

ಆ ಚಳಿಗಾಲದಲ್ಲಿ ಸಿಪಾಯಿಗಳು ಪಟ್ಟ ಪಾಡನ್ನು ಇಲ್ಲಿ ಸ್ವಲ್ಪ ವಿವರಿಸದೆ ಉಪಾಯವಿಲ್ಲ. ನವೆಂಬರ್ ೧೪ರ ಬಿರುಗಾಳಿಯಲ್ಲಿ ಬೆಚ್ಚನೆಯ ಉಡುಪುಗಳನ್ನು ತುಂಬಿದ್ದ ಹಡಗು ಬಾಲಕ್ಲಾವ ಬಂದರಿನ ಹೊರಗೆ ಮುಳುಗಿತು. ಬಂದರಿನಿಂದ ಪಾಳೆಯಕ್ಕೆ ಆರೇಳು ಮೈಲಿ. ದಾರಿಯು ಕೆಸರಾಗಿ ಗಾಡಿಗಳು ಹೂತುಹೋದವು. ಬೇಸಗೆಯ ಬಟ್ಟೆಯಲ್ಲಿಯೇ ಸಿಪಾಯಿಗಳು ನೀರು ನಿಂತ ಕಂದಕಗಳಲ್ಲಿ ಇರುಳೆಲ್ಲ ಕಾವಲು ನಿಂತರು. ಕುಡಿಯಲೆಂದು ಕೊಟ್ಟ ಕಾಫಿಯು ಹುರಿಯದ ಹಸಿಯ ಬೀಜ. ಹುರಿಯಲು ಸೌದೆಯೂ ಇಲ್ಲ, ಪುಡಿಮಾಡಲು ಸಾಧನವೂ ಇಲ್ಲ. ಸ್ಕರ್ವಿ ರೋಗದಿಂದ ಒಸಡುಗಳು ಬಾತು ಗಟ್ಟಿರೊಟ್ಟಿಯನ್ನು ಅಗಿಯಲಾರದವರಿಗೆ ಮದ್ದಾಗಬೇಕಾಗಿದ್ದ ನಿಂಬೆಯ ರಸವು ಡಿಸೆಂಬರಿನಲ್ಲಿಯೇ ಬಂದರಿಗೆ ಬಂದಿದ್ದರೂ ಹಂಚುವ ಆಜ್ಞೆಯಾಗಲು ಫೆಬ್ರವರಿಯಾಯಿತು. ಹೀಗೆ ಕಾಲರಾ, ಆಮಶಂಕೆ, ಜ್ವರ, ಹಿಮದ ಕಡಿತಗಳಿಂದ ಬಿದ್ದವರನ್ನು ಹಡಗಿಗೆ ತುಂಬಿ ಕಪ್ಪುಸಮುದ್ರದಾಚೆಯ ಸ್ಕುಟಾರಿಗೆ ಕಳುಹಿಸುತ್ತಿದ್ದರು. ದಾರಿಯಲ್ಲಿಯೇ ಅನೇಕರು ಸತ್ತು ಸಮುದ್ರದ ಪಾಲಾದರು.

ಉಳಿದು ಬಂದವರು ಕಂಡ ಆಸ್ಪತ್ರೆಯಾದರೂ ಎಂಥದು? ಮಂಚಗಳಿಲ್ಲದೆ ಸಾಲುಸಾಲಾಗಿ ನೆಲದ ಮೇಲೆ ಮಲಗಿಸಲ್ಪಟ್ಟ ರೋಗಿಗಳು. ತಟ್ಟೆ, ಚಮಚ, ಸಾಬೂನು, ಟವಲುಗಳಿಗೂ ಕೊರತೆ. ಹೇನು ಮುತ್ತಿದ ಕಂಬಳಿಗಳು. ತುಂಬಿ ಹರಿಯುವ ಪಾಯಖಾನೆಗಳು. ನೈಟಿಂಗೇಲಳು ತನ್ನ ಕೈಯಲ್ಲಿದ್ದ ಹಣದಿಂದಲೂ ಪತ್ರಿಕೆಯ ನಿಧಿಯಿಂದಲೂ ಅಂಗಿಗಳನ್ನೂ ಪಾತ್ರೆಗಳನ್ನೂ ತರಿಸಿದಳು. ಒಗೆಯುವುದಕ್ಕೆ ಮನೆಯೊಂದನ್ನು ಬಾಡಿಗೆಗೆ ಹಿಡಿದು ಸಿಪಾಯಿಗಳ ಹೆಂಡಿರಿಗೆ ಕೆಲಸ ಕೊಟ್ಟಳು. ಅರೆಬೆಂದ ಮಾಂಸವನ್ನು ತಿನ್ನಲಾರದವರಿಗಾಗಿ ಪ್ರತ್ಯೇಕವಾದ ಅಡಿಗೆಮನೆಯನ್ನು ತೆರೆದಳು. ತನ್ನ ಅಧಿಕಾರದಲ್ಲಿ ಕೈಹಾಕಿದಳೆಂದು ಮುನಿದ ವೈದ್ಯಾಧಿಕಾರಿಗಳನ್ನು ತಾಳ್ಮೆಯಿಂದ ಸಹಿಸಿದಳು.

ಸಿಪಾಯಿಯ ದೇಹಕ್ಕೆ ತಗಲಿದ ಗಾಯವನ್ನು ವೈದ್ಯರೆಲ್ಲರೂ ಬಲ್ಲರು. ಮನಸ್ಸಿಗೆ ತಗಲಿದ್ದನ್ನು ಆ ಕಾಲದಲ್ಲಿ ಲಕ್ಷ್ಯಕ್ಕೆ ತಂದುಕೊಂಡವರು ವಿರಳ. ಕೈಕಾಲುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆಯು ಮಿಕ್ಕ ರೋಗಿಗಳ ಕಣ್ಣೆದುರಿನಲ್ಲಿಯೇ ನಡೆಯುತ್ತಿತ್ತು. ನಾಳೆ ತನ್ನ ಸರದಿಯೆಂದು ಅರಿತವನು ಇಂದು ಪಕ್ಕದವನ ಕೂಗನ್ನು ಕೇಳುತ್ತ ಮಲಗಿರಬೇಕಾಗಿತ್ತು. ಇದನ್ನು ಕಂಡು ಆಕೆಯು ಮರೆಗಾಗಿ ಒಂದು ತೆರೆಯನ್ನು ತರಿಸಿದಳು. ಬಟ್ಟೆಯ ತೆರೆಯೊಂದು ಯಾವ ಮಹತ್ತಾದ ವಸ್ತು? ಆದರೂ ನೋವನ್ನು ನೋಡುವುದೂ ಒಂದು ನೋವೆಂಬ ಅರಿವು ಆ ತೆರೆಯಲ್ಲಿದ್ದಿತು. ಸಾಯುವವನು ಒಬ್ಬಂಟಿಗನಾಗಿ ಸಾಯಬಾರದೆಂದು ಆಕೆಯು ಹಾಸಿಗೆಯ ಬಳಿ ಕುಳಿತಳು. ಅವನ ಕಡೆಯ ಮಾತುಗಳನ್ನೂ ಗಡಿಯಾರ, ಉಂಗುರಗಳನ್ನೂ ಊರಿನಲ್ಲಿದ್ದ ತಾಯಿಗೋ ಹೆಂಡತಿಗೋ ಮುಟ್ಟಿಸಿ, ಕೈಯಾರೆ ಕಾಗದ ಬರೆದಳು. ರಾತ್ರಿಯಲ್ಲಿ ಕಾಗದದ ತುರ್ಕಿ ಲಾಂದ್ರವನ್ನು ಹಿಡಿದು ಆಕೆಯು ಸುತ್ತುತ್ತಿದ್ದ ಹಾಸಿಗೆಗಳ ಸಾಲು ಮೈಲಿಗಟ್ಟಲೆ ಉದ್ದ.

ಸಿಪಾಯಿಗಳೆಂದರೆ ಕುಡುಕರು, ಒರಟರು, ಚಡಿಯೇಟಿಗಲ್ಲದೆ ಬಗ್ಗದವರು ಎಂಬುದು ಅಧಿಕಾರಿಗಳ ಮತವಾಗಿತ್ತು. ಕಂಡದ್ದನ್ನು ಮರೆಯಲು ಅವನಿಗೆ ಕುಡಿತವಲ್ಲದೆ ಬೇರೆ ದಾರಿಯನ್ನು ನೀವು ತೋರಿಸಿದಿರಾ ಎಂಬುದು ಆಕೆಯ ಮತವಾಗಿತ್ತು. ೧೮೫೫ರಲ್ಲಿ ಆಕೆಯ ಪ್ರಯತ್ನದಿಂದ ಕಾಫಿಯ ಮನೆಯೊಂದು ತೆರೆಯಿತು. ಓದುವ ಕೋಣೆಗಳೂ ಪಾಠಶಾಲೆಗಳೂ ಬಂದವು. ಸಂಬಳವನ್ನು ಮನೆಗೆ ಕಳುಹಿಸುವವರ ಹಣವನ್ನು ಆಕೆಯೇ ತೆಗೆದುಕೊಂಡು ಕಳುಹಿಸತೊಡಗಿದಳು. ಇದನ್ನು ನೋಡಿ ಸರಕಾರವೂ ಮನಿಯಾರ್ಡರಿನ ಕಚೇರಿಗಳನ್ನು ತೆರೆಯಲು, ಆರು ತಿಂಗಳೊಳಗಾಗಿ ೭೧,೦೦೦ ಪೌಂಡುಗಳು ಬಡವರ ಮನೆಗಳನ್ನು ಸೇರಿದವು. ಕುಡುಕರೆನಿಸಿಕೊಂಡವರೇ ಹೆಂಡಿರು ಮಕ್ಕಳಿಗೆ ಕಳುಹಿಸಿದ ಹಣವಿದು.

ಇಷ್ಟು ಮಾಡಿದರೂ ಸಾವು ನಿಲ್ಲಲಿಲ್ಲ. ನಮ್ಮ ಪಾಠಪುಸ್ತಕಗಳು ಬಿಟ್ಟುಬಿಡುವ ಸಂಗತಿಯಿದು. ಆಕೆಯು ಬಂದ ಮೇಲೆ ಸ್ಕುಟಾರಿಯಲ್ಲಿ ಸಾಯುವವರ ಸಂಖ್ಯೆಯು ಹೆಚ್ಚುತ್ತಲೇ ಹೋಗಿ, ೧೮೫೫ರ ಫೆಬ್ರವರಿಯಲ್ಲಿ ನೂರಕ್ಕೆ ೪೨ನ್ನು ಮುಟ್ಟಿತು. ಮಾರ್ಚಿಯಲ್ಲಿ ಇಂಗ್ಲೆಂಡಿನಿಂದ ಆರೋಗ್ಯ ತಜ್ಞರ ಕಮಿಷನ್ನು ಬಂದಿತು. ಆ ದೊಡ್ಡ ಕಟ್ಟಡದ ಅಡಿಯಲ್ಲಿದ್ದ ಮೋರಿಗಳು ಕಟ್ಟಿಕೊಂಡು ಕೊಳೆತು ನಾರುತ್ತಿದ್ದವು. ಕುಡಿಯುವ ನೀರಿನ ಕಾಲುವೆಯಲ್ಲಿ ಸತ್ತ ಕುದುರೆಯು ಬಿದ್ದಿತ್ತು. ಕಮಿಷನ್ನಿನವರು ಮೋರಿಗಳನ್ನು ತೊಳೆಯಿಸಿ, ನೂರಾರು ಕೈಗಾಡಿಗಳಷ್ಟು ಕಸವನ್ನು ಹೊರಹಾಕಿಸಿ, ಗೋಡೆಗಳಿಗೆ ಸುಣ್ಣ ಬಳಿಸಿ, ಗಾಳಿಯಾಡುವಂತೆ ಮಾಡಿಸಿದರು. ಜೂನ್ ತಿಂಗಳ ವೇಳೆಗೆ ಸಾವು ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು.

ಆ ಮೇ ತಿಂಗಳಲ್ಲಿ ಬಾಲಕ್ಲಾವದ ಆಸ್ಪತ್ರೆಗಳನ್ನು ನೋಡಲು ಹೋದ ನೈಟಿಂಗೇಲಳು ಕ್ರೈಮಿಯದ ಜ್ವರಕ್ಕೆ ತುತ್ತಾಗಿ ಸಾವಿನ ಬಾಗಿಲವರೆಗೂ ಹೋಗಿ ಬಂದಳು. ಮನೆಗೆ ಮರಳುವಂತೆ ಎಲ್ಲರೂ ಹೇಳಿದರೂ ಕೇಳದೆ, ಕಡೆಯ ರೋಗಿಯು ಹೊರಡುವವರೆಗೂ ನಿಂತಳು. ೧೮೫೬ರಲ್ಲಿ ಸಂಧಿಯಾಯಿತು. ಸ್ವದೇಶದಲ್ಲಿ ಮೆರವಣಿಗೆಯ ಸನ್ನಾಹವು ನಡೆದಿದ್ದಾಗ ಆಕೆಯು ಬೇರೆಯ ಹೆಸರಿನಿಂದ ಪ್ರಯಾಣಮಾಡಿ, ಆಗಸ್ಟ್ ತಿಂಗಳಲ್ಲಿ ಯಾರಿಗೂ ತಿಳಿಯದಂತೆ ಮನೆ ಸೇರಿದಳು. ಯುದ್ಧದಿಂದ ಮನೆಯವರಿಗೆ ಬಂದ ಕಾಣಿಕೆಗಳೆಂದರೆ ಒಂಟಿಕಾಲಿನ ನಾವಿಕ ಬಾಲಕನೊಬ್ಬ, ಅನಾಥನಾದ ರಷ್ಯದ ಹುಡುಗನೊಬ್ಬ, ಒಂದು ನಾಯಿಮರಿ. ಇವರಿಗೆಲ್ಲ ಆಕೆಯೇ ದಿಕ್ಕಾಗಿದ್ದಳು.

ದೇಶವೆಲ್ಲ ಕೊಂಡಾಡುತ್ತಿದ್ದಾಗ ಆಕೆಯ ಸ್ಥಿತಿಯು ಹೇಗಿತ್ತು? ಅನ್ನವು ಸೇರದು, ನಿದ್ರೆಯು ಬಾರದು. ಹೆತ್ತ ಮಕ್ಕಳನ್ನು ಪರದೇಶದ ಮಣ್ಣಿನಲ್ಲಿ ಮಲಗಿಸಿ ತಾನೊಬ್ಬಳೇ ಮನೆಗೆ ಬಂದ ತಾಯಿಯಂತೆ ಆಕೆಯು ತನ್ನನ್ನು ತಾನೇ ಹಳಿದುಕೊಂಡಳೆಂಬುದು ಆಕೆಯ ಖಾಸಗಿ ಬರಹಗಳಿಂದ ತಿಳಿದುಬರುತ್ತದೆ. ಈ ದುಃಖದಲ್ಲಿ ಮುಳುಗಿಹೋಗದೆ ಆಕೆಯು ಬಾಲ್ಯದಲ್ಲಿ ಕಲಿತ ಗಣಿತವನ್ನು ಕೈಗೆತ್ತಿಕೊಂಡಳು. ೧೮೫೭ರಲ್ಲಿ ಸೈನ್ಯದ ಆರೋಗ್ಯವನ್ನು ವಿಚಾರಿಸಲು ರಾಜಾಜ್ಞೆಯಿಂದ ಕಮಿಷನ್ನು ನೇಮಕವಾಯಿತು. ಹೆಂಗಸಾದ ಆಕೆಗೆ ಅದರಲ್ಲಿ ಸ್ಥಾನವಿರಲಿಲ್ಲ; ಆದರೆ ಅದರ ಬೆನ್ನೆಲುಬಾಗಿದ್ದವಳು ಆಕೆಯೇ. ಸಂಖ್ಯಾಶಾಸ್ತ್ರಜ್ಞನಾದ ವಿಲಿಯಮ್ ಫಾರನ ಜತೆಯಲ್ಲಿ ಕುಳಿತು ಸತ್ತವರ ಪಟ್ಟಿಗಳನ್ನು ಲೆಕ್ಕಹಾಕಿದಳು. ಆ ಯುದ್ಧದಲ್ಲಿ ಮಡಿದ ಸುಮಾರು ೨೧,೦೦೦ ಮಂದಿ ಬ್ರಿಟಿಷ್ ಸಿಪಾಯಿಗಳಲ್ಲಿ ೧೬,೦೦೦ಕ್ಕೂ ಹೆಚ್ಚು ಮಂದಿ ರೋಗದಿಂದಲೇ ಸತ್ತವರು. ಶತ್ರುವಿನ ಕೈಯಿಂದ ಸತ್ತವರು ಐದು ಸಾವಿರಕ್ಕೂ ಕಡಮೆ.

ಆ ಲೆಕ್ಕದಿಂದ ಇನ್ನೊಂದು ಕಹಿಸತ್ಯವೂ ಹೊರಬಿದ್ದಿತು. ಯುದ್ಧಭೂಮಿಯ ಹತ್ತಿರದ ಚಿಕ್ಕ ಆಸ್ಪತ್ರೆಗಳಿಗಿಂತ ಸ್ಕುಟಾರಿಯ ದೊಡ್ಡ ಆಸ್ಪತ್ರೆಯಲ್ಲಿಯೇ ಸಾವು ಹೆಚ್ಚಾಗಿತ್ತು. ಅನ್ನಬಟ್ಟೆಗಳಿಲ್ಲದೆ, ತೀರ ನಿತ್ರಾಣರಾಗಿ ಬಂದುದರಿಂದಲೇ ರೋಗಿಗಳು ಸತ್ತರೆಂದು ಆಕೆಯು ಮೊದಲು ನಂಬಿದ್ದಳು. ಆಸ್ಪತ್ರೆಯ ಹೊಲಸೇ ಸಾವಿರಾರು ಮಂದಿಯನ್ನು ಕೊಂದಿತೆಂದು ಈಗ ಅಂಕಿಗಳು ಸಾರಿದವು. ತಾನು ಹಗಲಿರುಳು ದುಡಿದ ಸ್ಥಳದ ಮೇಲೆ, ತನ್ನ ಕೀರ್ತಿಗೆ ಮೂಲವಾದ ಸ್ಥಳದ ಮೇಲೆ ಇಂತಹ ತೀರ್ಪು ಬಂದಾಗ ಅದನ್ನು ಅಡಗಿಸಿಡುವುದು ಮನುಷ್ಯಸ್ವಭಾವ. ಆಕೆಯು ಹಾಗೆ ಮಾಡಲಿಲ್ಲ. ಮಂತ್ರಿಗಳೂ ಮಹಾರಾಣಿಯೂ ಒಂದೇ ನೋಟಕ್ಕೆ ತಿಳಿದುಕೊಳ್ಳುವಂತೆ ಆ ಅಂಕಿಗಳನ್ನು ಬಣ್ಣಬಣ್ಣದ ಚಕ್ರಾಕಾರದ ಚಿತ್ರಗಳಲ್ಲಿ ಬಿಡಿಸಿ ೧೮೫೮ರಲ್ಲಿ ಅಚ್ಚುಹಾಕಿಸಿದಳು. ದೀಪವನ್ನು ಹಿಡಿದ ಕೈಗಿಂತಲೂ ಈ ಚಿತ್ರಗಳನ್ನು ಬರೆದ ಕೈಯೇ ದೊಡ್ಡದೆಂದು ನಮಗೆ ತೋರುತ್ತದೆ. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ತನ್ನ ಪ್ರಥಮ ಮಹಿಳಾ ಸದಸ್ಯಳನ್ನಾಗಿ ಆರಿಸಿತು. ಶಾಂತಿಯ ಕಾಲದಲ್ಲಿ ಇಂಗ್ಲೆಂಡಿನ ಬ್ಯಾರಕ್ಕುಗಳಲ್ಲಿ ಕೂಡ ತರುಣ ಸಿಪಾಯಿಗಳು ಊರಿನ ತರುಣರಿಗಿಂತ ಸುಮಾರು ಎರಡರಷ್ಟು ಸಂಖ್ಯೆಯಲ್ಲಿ ಸಾಯುತ್ತಿದ್ದರೆಂಬುದೂ ಆಗ ಬಯಲಾಯಿತು. ಬ್ಯಾರಕ್ಕುಗಳು ಸುಧಾರಿಸಿದವು, ಸೈನ್ಯದ ವೈದ್ಯಶಾಲೆಯು ೧೮೬೦ರಲ್ಲಿ ತೆರೆಯಿತು. ಅದೇ ವರ್ಷ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ತರಬೇತು ಶಾಲೆಯು ಪ್ರಾರಂಭವಾಯಿತು.

ಆದರೆ ೧೮೫೭ರ ಆಗಸ್ಟಿನಲ್ಲಿ ಆಕೆಯ ದೇಹವು ಕುಸಿದಿತ್ತು. ಮೂವತ್ತೇಳನೆಯ ವಯಸ್ಸಿನಲ್ಲಿ ಹಾಸಿಗೆ ಹಿಡಿದವಳು ಮುಂದೆ ಎಂದೂ ಮೊದಲಿನ ಆರೋಗ್ಯವನ್ನು ಕಾಣಲಿಲ್ಲ. ಎದೆಬಡಿತ, ನಿಶ್ಶಕ್ತಿ, ಬೆನ್ನುನೋವುಗಳು ದಶಕಗಟ್ಟಲೆ ಕಾಡಿದವು. ೧೮೬೧ರ ಕಡೆಯಿಂದ ಕೆಲವು ವರ್ಷ ನಡೆಯುವುದೂ ಆಗದೆ ಆಕೆಯನ್ನು ಎತ್ತಿಕೊಂಡು ಹೋಗಬೇಕಾಯಿತು. ಆ ಜ್ವರವು ಈಗ ಬ್ರೂಸೆಲ್ಲೋಸಿಸ್ ಎನ್ನಿಸಿಕೊಳ್ಳುವ, ಮತ್ತೆ ಮತ್ತೆ ಮರಳುವ ವ್ಯಾಧಿಯಾಗಿದ್ದಿರಬಹುದೆಂದು ಇಂದಿನ ವೈದ್ಯರಲ್ಲಿ ಹಲವರ ಅಭಿಪ್ರಾಯ. ಮನಸ್ಸಿನ ಭಾರವೂ ಅದರೊಡನೆ ಕೂಡಿತ್ತೆಂದು ಕೆಲವರ ಎಣಿಕೆ. ಹೇಗಾದರಾಗಲಿ, ಗುಂಡಿನ ಏಟನ್ನು ತಿನ್ನದೆಯೂ ಆಕೆಯು ಆ ಯುದ್ಧದಲ್ಲಿ ಗಾಯಗೊಂಡವರಲ್ಲಿ ಒಬ್ಬಳೆಂದು ಹೇಳಿದರೆ ತಪ್ಪಾಗದು.

ಹಾಸಿಗೆಯಲ್ಲಿಯೇ ಒರಗಿ ಆಕೆಯು ನಮ್ಮ ದೇಶಕ್ಕಾಗಿಯೂ ದುಡಿದಳು. ಇಂಡಿಯದಲ್ಲಿದ್ದ ಐರೋಪ್ಯ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ ೬೯ ಮಂದಿ ಸಾಯುತ್ತಿದ್ದರು. ೧೮೫೯ರಲ್ಲಿ ನೇಮಕವಾದ ಕಮಿಷನ್ನಿಗಾಗಿ ಆಕೆಯು ಪ್ರಶ್ನಾವಳಿಗಳನ್ನು ಸಿದ್ಧಪಡಿಸಿ ಇಲ್ಲಿಯ ದಂಡುಗಳಿಗೆಲ್ಲ ಕಳುಹಿಸಿದಳು. ೧೮೦೯ರಿಂದ ಬೆಂಗಳೂರಿನ ದಂಡನ್ನು ನೋಡಿ ಬಲ್ಲ ನಮ್ಮ ಹಿರಿಯರಿಗೆ ಸೋಲ್ಜರುಗಳ ಗೋರಿಗಳೇನೂ ಹೊಸವಲ್ಲ. ನೀರು ಎಲ್ಲಿಂದ ಬರುತ್ತದೆ, ಮೋರಿಯು ಎಲ್ಲಿಗೆ ಹೋಗುತ್ತದೆ, ಒಂದು ಕೋಣೆಯಲ್ಲಿ ಎಷ್ಟು ಮಂದಿ ಮಲಗುತ್ತಾರೆ ಎಂಬಂತಹ ಪ್ರಶ್ನೆಗಳಿಗೆ ಬಂದ ಉತ್ತರಗಳ ರಾಶಿಯನ್ನು ಆಕೆಯು ಓದಿ ೧೮೬೩ರಲ್ಲಿ ತನ್ನ ಅಭಿಪ್ರಾಯವನ್ನು ಪ್ರಕಟಿಸಿದಳು. ಹತ್ತು ವರ್ಷಗಳ ಮೇಲೆ, ಸಾವಿರಕ್ಕೆ ೬೯ ಇದ್ದ ಸಾವು ೧೮ಕ್ಕೆ ಇಳಿದಿದೆಯೆಂದು ಆಕೆಯು ಬರೆಯುವಂತಾಯಿತು. ಸಿಪಾಯಿಯ ಆರೋಗ್ಯವು ಸುತ್ತಲಿನ ರೈತನ ಆರೋಗ್ಯವಿಲ್ಲದೆ ನಿಲ್ಲದೆಂದು ಕಂಡುಕೊಂಡು ಹಳ್ಳಿಗಳ ಶುಚಿತ್ವ, ನೀರಾವರಿ, ಕ್ಷಾಮನಿವಾರಣೆಗಳ ವಿಷಯದಲ್ಲಿಯೂ ಲೇಖನಿಯನ್ನು ಹಿಡಿದಳು. ಇಂಡಿಯವನ್ನು ಆಕೆಯು ಕಣ್ಣಾರೆ ಕಾಣಲಿಲ್ಲವೆಂಬುದು ಆಶ್ಚರ್ಯದ ಸಂಗತಿ.

ಆಕೆಯ ಕಾಲದಲ್ಲಿ ಸಿಪಾಯಿಯ ಮನೋವ್ಯಥೆಗೆ ಒಂದು ಹೆಸರೂ ಇರಲಿಲ್ಲ. ಅಮೆರಿಕದ ಅಂತರ್ಯುದ್ಧದ ಸಿಪಾಯಿಗಳ ಎದೆಬಡಿತವನ್ನು ಕುರಿತು ವೈದ್ಯ ಡಾ ಕೋಸ್ಟನು ಬರೆದುದು ೧೮೭೧ರಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ, ೧೯೧೫ರಲ್ಲಿ, ಶೆಲ್ ಷಾಕ್ ಎಂಬ ಹೆಸರು ವೈದ್ಯಪತ್ರಿಕೆಯಲ್ಲಿ ಕಾಣಿಸಿಕೊಂಡಿತು. ಆಗಲೂ ನಡುಗುವವರನ್ನು ಹೇಡಿಗಳೆಂದು ಜರೆದವರು ಬಹುಮಂದಿ. ಭಯಂಕರವಾದುದನ್ನು ಕಂಡವರ ಮನಸ್ಸಿನಲ್ಲಿ ಅದು ವರ್ಷಗಟ್ಟಲೆ ಮರುಕಳಿಸುವುದೊಂದು ನಿಜವಾದ ರೋಗವೆಂದು ಅಮೆರಿಕದ ಮನೋವೈದ್ಯರ ಸಂಘವು ತನ್ನ ಗ್ರಂಥದಲ್ಲಿ ಸೇರಿಸಿದುದು ೧೯೮೦ರಲ್ಲಿ. ಹೆಸರು ಬರುವುದಕ್ಕೆ ಬಹಳ ಮೊದಲೇ ತೆರೆಯನ್ನು ಕಟ್ಟಿಸಿದ, ಕಾಗದ ಬರೆದ, ಕಾಫಿಯ ಮನೆಯನ್ನು ತೆರೆಯಿಸಿದ ನೈಟಿಂಗೇಲಳಿಗೆ ಆ ರೋಗವು ಕಣ್ಣಿಗೆ ಬಿದ್ದಿತ್ತು.

ಕಡೆಗಾಲದಲ್ಲಿ ಆಕೆಯ ಕಣ್ಣುಗಳು ಕಾಣದಾದವು. ೧೯೦೭ರಲ್ಲಿ ಅರಸನು ಆರ್ಡರ್ ಆಫ್ ಮೆರಿಟ್ ಎಂಬ ಬಿರುದನ್ನಿತ್ತನು. ಅದನ್ನು ಪಡೆದ ಸ್ತ್ರೀಯರಲ್ಲಿ ಆಕೆಯೇ ಮೊದಲಿನವಳು. ೧೯೧೦ನೆಯ ಆಗಸ್ಟ್ ೧೩ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಆಕೆಯು ಲಂಡನ್ನಿನಲ್ಲಿ ಕಣ್ಣುಮುಚ್ಚಿದಳು. ಅರಸರೂ ಕವಿಗಳೂ ಮಲಗಿರುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸಮಾಧಿಯನ್ನು ಮಾಡಲು ಬಂದ ಸೂಚನೆಯನ್ನು ಬಂಧುಗಳು ಒಪ್ಪಲಿಲ್ಲ. ಸಿಪಾಯಿಗಳೇ ಆಕೆಯ ಪೆಟ್ಟಿಗೆಯನ್ನು ಹೊತ್ತರು. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ದೇವಾಲಯದ ಅಂಗಳದಲ್ಲಿ ತಂದೆತಾಯಿಗಳ ಪಕ್ಕದಲ್ಲಿರುವ ಆ ಕಲ್ಲಿನ ಮೇಲೆ ಆಕೆಗಾಗಿ ಕೆತ್ತಿರುವುದು ಹೆಸರಿನ ಎರಡು ಮೊದಲಕ್ಷರಗಳು ಮತ್ತು ಜನನಮರಣಗಳ ಕಾಲ, ಇಷ್ಟೇ.

ನಮ್ಮ ಶಾಲೆಗಳಲ್ಲಿ ಓದಿ ಹೋದ ಸೋದರಿಯರಲ್ಲಿ ದಾದಿಯರಾದವರೂ ಉಂಟು, ಸೈನ್ಯದಲ್ಲಿರುವವರನ್ನು ಕೈಹಿಡಿದವರೂ ಉಂಟು, ಮಕ್ಕಳನ್ನು ದಂಡಿಗೆ ಕಳುಹಿಸಿದ ತಾಯಂದಿರೂ ಉಂಟು. ರಜೆಯಲ್ಲಿ ಬಂದ ಮಗನು ಮಾತಾಡದೆ ಕುಳಿತಿದ್ದರೆ, ಇರುಳಿನಲ್ಲಿ ಬೆಚ್ಚಿ ಎದ್ದರೆ, ಚಿಕ್ಕ ಸದ್ದಿಗೂ ಸಿಡುಕಿದರೆ ಅವನನ್ನು ಬೈದು ಪ್ರಯೋಜನವಿಲ್ಲ. ಅವನ ಯುದ್ಧವು ಇನ್ನೂ ಮುಗಿದಿಲ್ಲವೆಂದು ತಿಳಿದು ಅವನ ಪಕ್ಕದಲ್ಲಿ ಕುಳಿತುಕೊಳ್ಳುವುದು, ವೈದ್ಯರಲ್ಲಿಗೆ ಕರೆದೊಯ್ಯುವುದು ನಮ್ಮ ಕೆಲಸ. ಹೆಣ್ಣುಮಕ್ಕಳ ತಂದೆತಾಯಿಗಳಿಗೂ ನಮ್ಮದೊಂದು ವಿಜ್ಞಾಪನೆಯುಂಟು. ಮಗಳು ಗಣಿತದ ಪುಸ್ತಕವನ್ನು ಹಿಡಿದು ಕುಳಿತರೆ ಇದು ನಿನಗೇಕೆಂದು ಕೇಳದಿರಿ. ಕರುಣೆಯು ಕಣ್ಣೀರನ್ನು ಒರೆಸಬಲ್ಲದು. ಆ ಕಣ್ಣೀರಿಗೆ ಕಾರಣವಾದ ಮೋರಿಯನ್ನು ಹುಡುಕಲು ಕರುಣೆಯೊಡನೆ ಲೆಕ್ಕವೂ ಬೇಕು.